ಫಕೀರವ್ವನ ಗೋಡೆಯ ಗಾಜು

ಹುಬ್ಬಳ್ಳಿ, ೩೦ ಮಾರ್ಚ್ ೧೯೩೮, ಬುಧವಾರ

ಮನಸ್ಸಿಗೆ ಸಮಾಧಾನವಿಲ್ಲ. ಸ್ಟೇಷನ್ನಿನ ಕೆಳಗೆ ಸುರಂಗದಾರಿ ಅಗೆಸಲು ಶುರುಮಾಡುವ ಮುಂಚೆ, ಸ್ಟೇಷನ್ನಿಗೆ ಅಂಟಿಕೊಂಡಿರುವ ಫಕೀರವ್ವನ ಮನೆಯ ಗೋಡೆಯ ಬಿರುಕಿಗೆ ಅಡ್ಡಲಾಗಿ ನಾನೇ ಗಾಜಿನ ಪಟ್ಟಿ ಅಂಟಿಸಿದ್ದೆ. ಗಾಜು ಒಡೆದರೆ ಗೋಡೆ ಜರುಗುತ್ತಿದೆ ಎಂದರ್ಥ, ಅಗೆತ ನಿಲ್ಲಿಸಬೇಕು. ಇಷ್ಟನ್ನು ಅವಳಿಗೆ ಹೇಳುವ ವ್ಯವಧಾನ ನನಗೆಲ್ಲಿತ್ತು.

ಇಂದು ಹೋಗಿ ನೋಡಿದರೆ ಗಾಜಿಲ್ಲ. ಯುಗಾದಿಗೆಂದು ಗೋಡೆಗೆಲ್ಲ ಹೊಸ ಸುಣ್ಣ.

"ಗಾಜು ಎಲ್ಲೈತಿ, ಯವ್ವಾ?"

"ಒಡದ ಗಾಜು ಮನ್ಯಾಗ ಇರಬಾರದ್ರಿ ಸಾಹೇಬ್ರ. ತಿಪ್ಪಿಗೆ ಒಗದು ಎಂಟು ದಿನಾತು."

ಆ ಎಂಟು ದಿನವೂ ಅಗೆದಿದ್ದೇವೆ. ಇವತ್ತೇ ಧರ್ಮಶಾಲೆಗೆ ನಡೆ ಎಂದರೆ, "ಹಬ್ಬಾ ಮುಗಿಸಿ ಬರ್ತೇನ್ರಿ" ಎಂದಳು. ಅಗೆತ ನಿಲ್ಲಿಸಿ ಬಂದಿದ್ದೇನೆ; ಮಣ್ಣು ನನ್ನ ಮಾತು ಕೇಳಬೇಕಲ್ಲ.

ಹೊರಡುವಾಗ ಗೋಡೆ ಮುಟ್ಟಿದೆ. ಸುಣ್ಣ ಇನ್ನೂ ಹಸಿಯಿತ್ತು. ಅದರ ಮೇಲೆ ಆಗಲೇ ಬಿರುಕಿನ ಗೆರೆ ಬಿದ್ದಿತ್ತು.