ಕುಂಕುಮ ಕುಂತ ಮಗ್

ಅತ್ತಿಯವ್ರ,

ನಾ ಮಗ್ ತರಾಕ ಕುರ್ಲಾಕ್ಕ ಹೊಂಟೀನಿ. ಫೋನ್ ಮಾಡಬ್ಯಾಡ್ರಿ, ಲೋಕಲ್ ಟ್ರೇನ್‌ನಾಗ ಕೇಳಸೂದಿಲ್ಲ. ನಾಡಿದ್ದ ಕನ್ನಡ ಸಾಲಿಯವ್ರಿಗೆ ಅರವತ್ತು ಮಗ್ ಪ್ರಿಂಟ್ ಮಾಡಿ ಕೊಡಬೇಕು, ಖಾಲಿ ಮಗ್ ಇನ್ನೂ ತರೂದೈತಿ.

ಎರಡ ಅಂಗಡಿಯಿಂದ ಒಂದೊಂದು ಸ್ಯಾಂಪಲ್ ತಂದಿಟ್ರ, ನೀವು ಎರಡಕ್ಕೂ ಕುಂಕುಮ ಹಚ್ಚಿ ಪೂಜಿ ಮಾಡೀರಿ! ಮಗ್ಗಿನ ಮ್ಯಾಲೆ ಫೋಟೋ ಹಿಡಿಯೂ ಕೋಟಿಂಗ್‌ಗೆ ಎಣ್ಣಿ ಬೆರಳ ತಾಗಿದ್ರ ಫೋಟೋ ಕೆಡತೈತಿ ಅಂತ ಎಷ್ಟ ಸಲ ಹೇಳಲಿ? ಒರೆಸಿ ಎರಡನ್ನೂ ಫೋಟೋ ಹಚ್ಚೂ ಬಿಸಿ ಮಷೀನಿಗೆ ಹಾಕಿದೆ. ಆ ಕಾವಿಗೆ ನಿಮ್ಮ ಬೆರಳಿನ ಗುರ್ತು ಫೋಟೋದ ನಡುವ ಕೆಂಪಗ ಕುಂತಬಿಟ್ಟೈತಿ.

ಸಿಟ್ಟಿಗೆ ಎರಡನ್ನೂ ಭಾಂಡೆ ತಿಕ್ಕೂ ತಂತಿಲೆ ತಿಕ್ಕಿದೆ. ಒಂದ ಅಂಗಡಿಯಿಂದ ನೀಲಿ ಡಬ್ಬ್ಯಾಗ ಬಂದ ಮಗ್ಗಿನ ಕೋಟಿಂಗ್ ಸಿಪ್ಪಿಯಂಗ ಎದ್ದು ಫೋಟೋನೂ ಹೋತು, ಕುಂಕುಮಾನೂ ಹೋತು. ಇನ್ನೊಂದರ ಮ್ಯಾಲೆ ನನ್ನ ಕೈ ಸೋತ್ವು, ನಿಮ್ಮ ಬೆರಳಿನ ಗುರ್ತು ಹೋಗಲಿಲ್ಲ. ಅದರ ಕೋಟಿಂಗ್ ಗಟ್ಟಿ ಐತಿ, ಆ ಅಂಗಡಿದೇ ಅರವತ್ತು ತರ್ತೀನಿ.

ಅನ್ನ ಕುಕ್ಕರ್‌ನಾಗೈತಿ. ಬಿಪಿ ಗುಳಿಗಿ ಮರೀಬ್ಯಾಡ್ರಿ.

ಮಗ್ ಬಂದ ಮ್ಯಾಲೆ ಪೂಜಿ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಡಬ್ಬಿ ಬಿಚ್ಚಬ್ಯಾಡ್ರಿ, ಕುಂಕುಮ ಡಬ್ಬಿ ಮ್ಯಾಲೇ ಹಚ್ಚ್ರಿ.

ನಿಮ್ಮ ಬೆರಳಿನ ಗುರ್ತಿರೂ ಮಗ್ ಯಾರಿಗೂ ಕೊಡೂದಿಲ್ಲ. ಅದರಾಗ ನಿಮ್ಮ ಚಾ ಹಾಕಿ ಮುಚ್ಚಿಟ್ಟೀನಿ. ಆರೂದ್ರಾಗ ಕುಡೀರಿ.

ರೂಪಾಲಿ