ಟಿ.ವಿ.ಯಲ್ಲಿ ಬಂದ ನಿನ್ನ ಹೆಸರು

ರಾನಿಯಾ ಪಟ್ಟಣ
ಅಕ್ಟೋಬರ್ ೨೩, ಗುರುವಾರ

ನನ್ನ ಮುದ್ದು ಶಾಖವಾನ್,

ಹೇಗಿದ್ದೀಯ ಕಂದಾ? ಹೊಟ್ಟೆನೋವು ಕಡಿಮೆಯಾಯಿತೇ? ಖಾಲಿ ಹೊಟ್ಟೆಯಲ್ಲಿ ಚಹಾ ಕುಡಿಯಬೇಡ ಎಂದರೆ ನೀನು ಕೇಳುವವನಲ್ಲ. ಕಳೆದ ಚಳಿಗಾಲ ಮೊಣಕಾಲಿನ ಆಪರೇಷನ್ನಿಗೆಂದು ಇಸ್ತಾಂಬುಲಿಗೆ ಬಂದು ನಿನ್ನ ಮನೆಯಲ್ಲೇ ಇದ್ದೆನಲ್ಲ, ಆಗ ಕಣ್ಣಾರೆ ನೋಡಿದ್ದೇನೆ: ಎದ್ದ ಕೂಡಲೇ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಸಿಗರೇಟು, ಹೆಗಲಿಗೂ ಕಿವಿಗೂ ನಡುವೆ ಫೋನು. ನನ್ನ ಕಾಲು ಈಗ ಪರವಾಗಿಲ್ಲ, ಬಜಾರಿನವರೆಗೆ ನಡೆಯುತ್ತೇನೆ. ನಿನ್ನ ತಂಗಿ ಚಿನಾರ್ ಆರೋಗ್ಯವಾಗಿದ್ದಾಳೆ, ಆದರೆ ಸೋಮವಾರದ ನಂತರ ಪಾಠ ಮಾಡಲು ಶಾಲೆಗೆ ಹೋಗಿಲ್ಲ. ನಿನ್ನ ಫೋನು ಹತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಭಾನುವಾರ ಸಂಜೆ ದಾಳಿಂಬೆ ಬಿಡಿಸುತ್ತ ಎಲ್ಲರೂ ಟಿ.ವಿ. ಮುಂದೆ ಕೂತಿದ್ದೆವು. ಬ್ರಿಟಿಷ್ ಸರ್ಕಾರ ಜನರನ್ನು ಕದ್ದುಮುಚ್ಚಿ ಗಡಿ ದಾಟಿಸುವ ಹೊರದೇಶದವರ ಮೇಲೆ ನಿರ್ಬಂಧ ಹಾಕಿದೆ, ಅವರ ಆಸ್ತಿಯನ್ನೆಲ್ಲ ತಡೆಹಿಡಿಯುತ್ತದೆ, ಅವರೊಡನೆ ಯಾರೂ ವ್ಯವಹಾರ ಮಾಡಕೂಡದು ಎಂದು ಹೇಳಿ ಒಬ್ಬೊಬ್ಬರ ಹೆಸರನ್ನೇ ಓದಿದರು. ನಿನ್ನ ಹೆಸರೂ ಬಂತು. ಜೊತೆಗೆ ಫೋಟೋ, ಚಿನಾರಳ ಪದವಿಯ ದಿನ ತೆಗೆದದ್ದು, ಅವಳನ್ನು ಕತ್ತರಿಸಿ ನಿನ್ನನ್ನಷ್ಟೇ ಉಳಿಸಿಕೊಂಡಿದ್ದರು. ಬಾಯಿಜ್ ದೊಡ್ಡಪ್ಪನನ್ನು ನೀನು ಬಲ್ಲೆ, ಅವರು ನಕ್ಕೇಬಿಟ್ಟರು. "ನಿರ್ಬಂಧ ಅಂತೆ! ಲಂಡನ್ನಲ್ಲಿ ನಮ್ಮ ಹುಡುಗನ ಅರಮನೆ ಇತ್ತಾ, ಬೀಗ ಜಡಿಯೋಕೆ? ಅವರ ರಾಜನ ಜೊತೆ ಊಟ ತಪ್ಪಿತು, ಅಷ್ಟೇ ಬಿಡು!" ಎಲ್ಲರೂ ನಕ್ಕರು, ನಾನೂ ನಕ್ಕೆ. ಚಿನಾರ್ ನಗಲಿಲ್ಲ. "ದೊಡ್ಡಪ್ಪಾ, ಅವರು ಕೊನೇಲಿ ಓದಿದ್ದು ಕೇಳಿಸ್ತಾ? ಇವರ ದೋಣಿಗಳಲ್ಲಿ ಜನ ಸತ್ತಿದ್ದಾರೆ ಅಂದ್ರು," ಎಂದಳು. ಆಮೇಲೆ ಯಾರೂ ದಾಳಿಂಬೆ ಮುಟ್ಟಲಿಲ್ಲ.

ಮರುದಿನ ಬಜಾರಿನಲ್ಲಿ ನೀನು ಯಾರ ಮೂಲಕ ನಮಗೆ ಹಣ ಕಳಿಸುತ್ತಿದ್ದೆಯೋ ಆ ಅಂಗಡಿಯವನು ಎದೆಯ ಮೇಲೆ ಕೈಯಿಟ್ಟು, "ಪೀರೋಜಮ್ಮ, ಬೇಜಾರು ಮಾಡ್ಕೋಬೇಡಿ, ನಿಮ್ಮ ಮಗನ ಕಡೆಯಿಂದ ಏನು ಬಂದ್ರೂ ನಾನಿನ್ನು ಮುಟ್ಟೋ ಹಾಗಿಲ್ಲ," ಎಂದ. ಅದು ಹೋಗಲಿ. ಚಿನಾರಳ ತರಗತಿಯ ಮಕ್ಕಳು ಏನು ಕೇಳಿದರು ಗೊತ್ತೇ? "ಟೀಚರ್, ನಿಮ್ಮಣ್ಣನ ದೋಣೀಲಿ ನಮಗೂ ಜಾಗ ಸಿಗುತ್ತಾ?" ಗೇಲಿ ಮಾಡಿದ್ದರೆ ಅವಳು ಗದರಿಸಿ ಸುಮ್ಮನಾಗುತ್ತಿದ್ದಳು. ಅವರು ನಿಜವಾಗಿಯೂ ಕೇಳಿದರಂತೆ, ಕಣ್ಣರಳಿಸಿಕೊಂಡು. ಅಂದು ಮಧ್ಯಾಹ್ನವೇ ಮನೆಗೆ ಬಂದವಳು ಮತ್ತೆ ಹೋಗಿಲ್ಲ.

ಈಗ ಪಕ್ಕದ ಮನೆಯ ಗೆಲಾವೇಜಳ ವಿಷಯ. ಅವಳ ಮಗ ಹೋಜಾನ್, ನಿನ್ನ ಹಿಂದೆ ಬಾಲದ ಹಾಗೆ ಸುತ್ತುತ್ತಿದ್ದನಲ್ಲ, ಅವನೇ. ಬ್ರಿಟನ್ನಿಗೆಂದು ಹೊರಟವನು ಫ್ರಾನ್ಸಿನ ಕಡಲತೀರದಿಂದ ಫೋನು ಮಾಡಿ, "ಅಮ್ಮಾ, ಗಾಳಿ ನಿಂತಿದೆ, ಶಾಖವಾನಣ್ಣನ ಕಡೆಯವರು ಇವತ್ತೇ ದೋಣಿ ಹತ್ತಿಸ್ತಾರಂತೆ," ಎಂದಿದ್ದನಂತೆ. ಅದೇ ಕೊನೆ. ಅದಾದ ಮೇಲೆ ಅಲ್ಲೊಂದು ದೋಣಿ ಮಗುಚಿದ ಸುದ್ದಿ ಬಂತು, ಸತ್ತವರಲ್ಲಿ ಕೆಲವರ ಗುರುತು ಸಿಕ್ಕಿಲ್ಲವೆಂದೂ ಬಂತು. ಗೆಲಾವೇಜ್ ದಿನಾ ಬೆಳಿಗ್ಗೆ ತಂದೂರಿನಿಂದ ತೆಗೆದ ಬಿಸಿ ರೊಟ್ಟಿ ಹಿಡಿದು ಬರುತ್ತಾಳೆ, "ಫೋನ್ ಹತ್ತಿತಾ ಪೀರೋಜ್?" ಎನ್ನುತ್ತಾಳೆ. ಅವಳು ಕೂಗಾಡಿದ್ದರೆ, ನನ್ನ ಮನೆಗೆ ಕಲ್ಲು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನ್ನೆ ನನ್ನ ಕೈ ಹಿಡಿದುಕೊಂಡು, "ನಿನ್ನ ಮಗನ್ನ ಬೈಯೋಕೆ ಬಂದಿಲ್ಲ ಕಣೇ. ನನ್ನ ಮಗ ಆ ದೋಣಿ ಹತ್ತಿದ್ನಾ ಇಲ್ವಾ, ಅಷ್ಟು ಹೇಳಿಸು. ದಿನಾ ಬಾಗಿಲು ನೋಡಿ ನೋಡಿ ಕಣ್ಣು ಹೋಯ್ತು," ಎಂದಳು. ಅವಳು ಹೋದ ಮೇಲೆ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಹಾಗೇ ಎತ್ತಿಟ್ಟೆ.

ಇಷ್ಟೆಲ್ಲದರ ನಡುವೆಯೂ ನನಗೆ ಮೊದಲು ನೆನಪಾಗುವುದು ನೀನೇ, ಮಗನೇ. ಹೇಗೆ ನಿದ್ದೆ ಮಾಡುತ್ತೀಯೋ, ಯಾರನ್ನು ಕಂಡು ಹೆದರುತ್ತೀಯೋ, ನಿನ್ನ ಜೊತೆಯವರೇ ನಿನ್ನನ್ನು ಮುಗಿಸಿಬಿಟ್ಟರೆ ಎಂದು ಎದೆ ಹೊಡೆದುಕೊಳ್ಳುತ್ತದೆ. ಗೆಲಾವೇಜಳ ಮುಖ ನೋಡಿದರೆ ಅದಕ್ಕೂ ನಾಚಿಕೆಯಾಗುತ್ತದೆ. ಆಸ್ಪತ್ರೆಯಲ್ಲಿ ನೀನು ಹೇಳಿದ್ದೆ, "ಅಮ್ಮಾ, ನಾನು ಯಾರನ್ನೂ ಮನೆಯಿಂದ ಎಳ್ಕೊಂಡು ಬರಲ್ಲ, ಹೋಗಬೇಕು ಅಂದವರಿಗೆ ದಾರಿ ಮಾಡಿಕೊಡ್ತೀನಿ." ನಾನು ನಂಬಿದೆ. ಹಾಗಾದರೆ ಆ ದಾರಿಯಲ್ಲಿ ಯಾರು ಹೋದರು, ಯಾರು ದಡ ಮುಟ್ಟಲಿಲ್ಲ ಎಂಬುದು ನಿನಗೆ ಗೊತ್ತಿರಬೇಕಲ್ಲವೇ? ಗೊತ್ತಿದ್ದೂ ಫೋನು ಆರಿಸಿ ಕೂತಿದ್ದೀಯಾ? ಹಾಗಿರಲಾರದು ಎಂದುಕೊಳ್ಳುತ್ತೇನೆ, ಮರುಗಳಿಗೆಯೇ ಹಾಗೇ ಇರಬಹುದು ಅನ್ನಿಸುತ್ತದೆ.

ಅಲ್ಲಿ ಚಳಿ ಶುರುವಾಗಿರಬೇಕು. ದಪ್ಪ ಕೋಟು ಹಾಕಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ಚಿನಾರ್ ನಿನಗೇನೂ ಹೇಳಿಲ್ಲ, ಆದರೆ ನಾನು ಬರೆಯುವುದನ್ನು ಪಕ್ಕದಲ್ಲೇ ಕೂತು ನೋಡುತ್ತಿದ್ದಾಳೆ. ದೇವರು ನಿನ್ನನ್ನು ಕಾಯಲಿ, ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಹೆತ್ತವಳು,
ಪೀರೋಜ್

ಮರೆತೆನೆಂದುಕೊಳ್ಳಬೇಡ, ಒಂದು ವಿಷಯವನ್ನು ಬೇಕೆಂದೇ ಕೊನೆಗೆ ಉಳಿಸಿದೆ. ಟ್ಯಾಕ್ಸಿ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಈ ಪತ್ರ ಅಂಚೆಯಲ್ಲಿ ಬರುತ್ತಿಲ್ಲ. ತರುತ್ತಿರುವುದು ಖಾದಿರ್ ಮಾಮ, ಹೋಜಾನನ ಅಪ್ಪ. ನೀನಿರುವ ಬೀದಿ, ಮಹಡಿ, ಬಾಗಿಲು ಎಲ್ಲವನ್ನೂ ಹೇಳಿಕೊಟ್ಟವಳು ನಾನೇ. ನೀನಿನ್ನೂ ಇಸ್ತಾಂಬುಲಿನ ಆ ಮನೆಯಲ್ಲೇ ಇದ್ದೀಯೆಂದು ಅಲ್ಲಿನ ನಿನ್ನ ಗೆಳೆಯನೊಬ್ಬನಿಂದ ತಿಳಿದುಕೊಂಡೆ. ಅವರನ್ನು ಒಳಗೆ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳು. ಹೊಡೆದರೆ ಹೊಡೆಸಿಕೋ. ಬಾಗಿಲು ಮಾತ್ರ ಹಾಕಬೇಡ ಶಾಖವಾನ್. ನೀನು ಬಾಗಿಲು ತೆರೆಯದಿದ್ದರೆ ಅಲ್ಲಿಂದ ನೇರವಾಗಿ ಪೊಲೀಸರ ಹತ್ತಿರ ಹೋಗಿ ಎಂದೂ ನಾನೇ ಹೇಳಿ ಕಳಿಸಿದ್ದೇನೆ.