ಹುಲ್ಲುಗಾವಲಿನಿಂದ ಬಂದ ಚಿತ್ತಾರದ ಕೇರೆ

ಶು ಪಟ್ಟಣ
೯ ನವೆಂಬರ್ ೨೦೨೫

ಪ್ರೀತಿಯ ತಮ್ಮ ಯೆಸೆನ್‌ಗೆಲ್ಡಿಗೆ,

ಅಕ್ಟೋಬರ್ ಹನ್ನೆರಡರ ಭಾನುವಾರ, ಆಲ್ಮಾಟಿಯಲ್ಲಿ ನಿಮ್ಮ ಹಾವು ಸಾಕುವವರ ಸಂಘದ ಸಭೆಯಲ್ಲಿ, ತುಂಬಿದ ಸಭಾಂಗಣದ ಮುಂದೆ ನಿಂತು ನೀನು ಸುಳ್ಳು ಹೇಳಿದೆ. ಆ ಸುಳ್ಳಿನಿಂದಾಗಿ ಒಂದು ಹಾವನ್ನು ಸಾಕುವ ಯೋಗ್ಯತೆಯೂ ಇಲ್ಲದವಳು ನಾನು ಎಂದಾಯಿತು. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದದ್ದಕ್ಕೆ ಬೇಸರಿಸಬೇಡ. ಇಷ್ಟು ತಡವಾದದ್ದಕ್ಕೂ ಕ್ಷಮಿಸು. ಬರೆಯಲು ಕುಳಿತಾಗಲೆಲ್ಲ ಬರೀ ಬೈಗುಳ ಬರುತ್ತಿತ್ತು. ಬೈಗುಳಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ನನಗೆ ಬೇಕಾದದ್ದು ಉತ್ತರ.

ನಾನು ಚೆನ್ನಾಗಿದ್ದೇನೆ. ಚಳಿ ಹಿಡಿದ ಮೇಲೆ ಮಂಡಿ ಮಾತು ಕೇಳುವುದಿಲ್ಲ. ನಿನ್ನ ಹೆಂಡತಿಯ ಕಣ್ಣಿನ ಆಪರೇಷನ್ ಸುಸೂತ್ರವಾಯಿತೆಂದು ತಿಳಿದು ಸಮಾಧಾನವಾಯಿತು.

ಈಗ ಏಪ್ರಿಲ್‌ಗೆ ಬಾ. ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ಒಂದು ಹಾವು ಸಾಕಬೇಕೆಂದು ಚಳಿಗಾಲವಿಡೀ ಓದಿಕೊಂಡು ನಿಮ್ಮ ಸಂಘದ ಮಾರಾಟಕ್ಕೆ ಬಂದಿದ್ದೆ. ನೀನು ಮೊದಲು ತೈವಾನಿನ ಕೇರೆಯನ್ನು ತೋರಿಸಿದೆ. ಚೆಲುವೇನೋ ಹೌದು, ಆದರೆ ಎರಡು ಮೀಟರು ಬೆಳೆದು ಮಾತೆತ್ತಿದರೆ ಬಾಯಿ ಹಾಕುವ ಹಾವು ಒಂದೇ ಕೋಣೆಯಲ್ಲಿರುವ ನನಗೆ ಸರಿಯಾದೀತೇ? ಅಮೆರಿಕದ ಕೆಂಪು ಕೇರೆ ಸಾಧು, ಆದರೆ ಅದಕ್ಕೆ ಸದಾ ಬಿಸಿ ಬೇಕು. ನಮ್ಮ ಶುವಿನಲ್ಲಿ ಜನವರಿಯಲ್ಲಿ ವಿದ್ಯುತ್ ಹೋದರೆ ಮನುಷ್ಯರಿಗೇ ಬಿಸಿ ಇರುವುದಿಲ್ಲ. ನಮ್ಮ ನೆಲದ ಚಿತ್ತಾರದ ಕೇರೆ ಮೀಟರಿಗಿಂತ ಹೆಚ್ಚು ಬೆಳೆಯುವುದು ಅಪರೂಪ, ತಂಪು ತಡೆಯುತ್ತದೆ, ಕೈಯಲ್ಲಿ ಬೆಳೆದದ್ದಾದರೆ ಕೈಗೆ ಒಗ್ಗುತ್ತದೆ. ಹೊಸಬರಿಗೆ ಅದೇ ತಕ್ಕದ್ದೆಂದು ನಾನೇ ಆರಿಸಿದೆ. ಆ ಆಯ್ಕೆ ತಪ್ಪೆಂದು ಇಂದಿಗೂ ಅನಿಸುವುದಿಲ್ಲ.

ಎಲ್ಲಿ ಮೊಟ್ಟೆಯೊಡೆದದ್ದು ಎಂದು ನಾನು ಕೇಳಿದೆ. ನಿನ್ನ ಮನೆಯಲ್ಲೇ ಎಂದು ನೀನು ಹೇಳಿದೆ. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ಕರಗಿಸಿದ ಸತ್ತ ಇಲಿ ತಿನ್ನುತ್ತದೆಯೇ ಎಂದು ಕೇಳಿದೆ. ಆಸೆಪಟ್ಟು ತಿನ್ನುತ್ತದೆ ಎಂದೆ ನೀನು. ಹಾಗಾದರೆ ನನ್ನೆದುರಿಗೆ ಒಂದು ತಿನ್ನಿಸು ಎಂದಾಗ ನೀನು ನಕ್ಕೆ.

"ಅಕ್ಕಾ, ಅದನ್ನ ಹೊರಗಿನವ್ರು ಕೇಳ್ಲಿ. ನೀನೇ ಕೇಳಿದ್ರೆ ನೋಡ್ದವ್ರು ಏನಂದ್ಕೋತಾರೆ?"

ಸಂತೆಯಲ್ಲಿ ಕುರಿ ಕೊಳ್ಳುವಾಗ ಬಾಲದ ಕೊಬ್ಬು ಹಿಸುಕಿ ನೋಡದವರಿಲ್ಲ. ಒಡಹುಟ್ಟಿದವರ ಕೈಯಿಂದ ಕೊಳ್ಳುವಾಗ ಮಾತ್ರ ನಮ್ಮಲ್ಲಿ ಯಾರೂ ಹಿಸುಕುವುದಿಲ್ಲ. ಹಿಸುಕಿದರೆ ಕೊಟ್ಟವನ ಮುಖಕ್ಕೆ ಹೊಡೆದಂತೆ. ನಾನೂ ಹಿಸುಕಲಿಲ್ಲ. ಹಾವನ್ನು ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದೆ.

ಅದು ಏನನ್ನೂ ಮುಟ್ಟಲಿಲ್ಲ. ಇಲಿ ಬೆಚ್ಚಗಿದ್ದರೂ ಅಷ್ಟೆ, ಕತ್ತಲೆ ಮಾಡಿದರೂ ಅಷ್ಟೆ. ಹಗಲೆಲ್ಲ ಗಾಜಿಗೆ ಮೂಗು ತಿಕ್ಕಿ ತಿಕ್ಕಿ ಚರ್ಮ ಕಿತ್ತುಹೋಯಿತು. ಹತ್ತಿರ ಹೋದರೆ ಬಾಲ ಅದುರಿಸುತ್ತಿತ್ತು. ಒಂದು ದಿನ ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟು ನೋಡಿದಾಗ ಗಂಟಲಿನ ಹುರುಪೆಗಳ ಸಂದಿಯಲ್ಲಿ ಉಬ್ಬಿದ ಉಣ್ಣಿಗಳು ಕಂಡವು, ಬೆನ್ನ ಮೇಲೆ ಯಾವುದೋ ಹಕ್ಕಿ ಕುಕ್ಕಿ ಮಾಯ್ದ ಗಾಯ. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿದ ಹಾವನ್ನು ಯಾವ ಹಕ್ಕಿ ಕುಕ್ಕೀತು, ಯೆಸೆನ್?

ಫೋನ್ ಮಾಡಿದೆ. ಆಗ ನೀನು ಮುಚ್ಚಿಡಲಿಲ್ಲ. "ಹೋದ ವರ್ಷ ಮೊಟ್ಟೆ ಎಲ್ಲಾ ಕೆಟ್ಟೋಯ್ತು. ಜನ ಕೇಳ್ತಾನೇ ಇದ್ರು, ಗುಡ್ಡದ ಕಡೆಯಿಂದ ಹಿಡಿಸ್ಕೊಂಡು ಬಂದೆ. ಹುಲ್ಲುಗಾವಲಿಂದಾದ್ರೇನು, ಹಾವು ಹಾವೇ ತಾನೇ? ಹಸಿವಾದ್ರೆ ತಿನ್ನುತ್ತೆ ಬಿಡಕ್ಕಾ," ಎಂದೆ. ವಾಪಸು ತೆಗೆದುಕೋ ಎಂದದ್ದಕ್ಕೆ ನೋಡೋಣ ಎಂದು ನೀನು ಫೋನ್ ಇಟ್ಟುಬಿಟ್ಟೆ.

ಜೂನ್‌ನಲ್ಲಿ ನನ್ನ ಮಗಳ ಅತ್ತೆ, ಬೀಗಿತ್ತಿ ಉಲ್ಬೋಸಿನ್, ಹಳ್ಳಿಯಿಂದ ಬಂದರು. ನಾನು ನೀರು ಬದಲಿಸಿ ಮುಚ್ಚಳ ಸರಿಯಾಗಿ ಒತ್ತಿರಲಿಲ್ಲವೋ ಏನೋ, ಅಡುಗೆಮನೆಯಿಂದ ಎಣ್ಣೆಯಲ್ಲಿ ಕರಿದ ಬೌರ್ಸಾಕ್‌ಗಳ ತಟ್ಟೆ ತರುವಷ್ಟರಲ್ಲಿ ಹಾವು ಬಾಗಿಲ ಬಳಿ ಬೂಟುಗಳ ನಡುವೆ ಇತ್ತು. ಬೀಗಿತ್ತಿ ಕೂಗಲಿಲ್ಲ. ಚಹಾಕ್ಕಿಟ್ಟಿದ್ದ ಹಾಲನ್ನು ತೆಗೆದುಕೊಂಡು, ಮಂಡಿಯೂರಿ, ಅದರ ತಲೆಯ ಮೇಲೆ ನಿಧಾನವಾಗಿ ಹೊಯ್ದರು.

"ಬಂದ ದಾರೀಲೇ ಹೋಗಪ್ಪಾ. ಈ ಮನೇಲಿ ಯಾರೂ ನಿಂಗೆ ಕೆಟ್ಟದ್ದು ಮಾಡ್ಲಿಲ್ಲ ಅಂತ ನಿಮ್ಮವ್ರಿಗೆ ಹೇಳು."

ಬಾಗಿಲು ತೆಗೆದರು. ಅಂಗಳ, ಅದರಾಚೆ ರೈಲು ಹಳಿ, ಹಳಿಯಾಚೆ ಬಯಲು. ಅದು ನಾನು ಸಾಕಿದ ಹಾವು ಎಂದೆ. "ಸಾಕಿದ್ದಾ? ಅದರ ಮೂಗು ನೋಡಿದ್ರಾ ಬೀಗಿತ್ತಿ? ಹೊರಗೆ ಬಿಡಿ ಅಂತ ಬಾಗಿಲು ಬಡಿದೂ ಬಡಿದೂ ಸಾಕಾಗಿದೆ ಅದಕ್ಕೆ," ಎಂದರು. ಆಮೇಲೆ ಚಹಾ ಕುಡಿಯುತ್ತಾ, ಹಾವು ಸಾಕುವ ಮನೆಯೆಂದು ಮೊದಲೇ ಗೊತ್ತಿದ್ದರೆ ನಿಮ್ಮ ಮಗಳಿಗೆ ಕೊಟ್ಟ ವಧುವಿನ ತೆರದಲ್ಲಿ ಒಂದು ಕುದುರೆ ಕಡಿಮೆ ಮಾಡುತ್ತಿದ್ದೆ ಎಂದು ಛೇಡಿಸಿದರು. ನಾನೂ ನಕ್ಕೆ. ಹಾವು ಬಾಗಿಲು ದಾಟಿ ಹೋಗುವಾಗ ತಡೆಯಬಹುದಿತ್ತು, ತಡೆಯಲಿಲ್ಲ. ಹೊರಗಿನಿಂದ ಬಂದದ್ದನ್ನು ಹೊರಗಿನದೆಂದು ಗೌರವಿಸಿ ಕಳಿಸಿದವರು ನಮ್ಮಲ್ಲಿ ಅವರೊಬ್ಬರೇ.

ಇದನ್ನೆಲ್ಲ ನಿನಗೆ ಅಂದೇ ಹೇಳಿದ್ದೆ. ಅದನ್ನೇ ನೀನು ಅಕ್ಟೋಬರ್‌ನಲ್ಲಿ, 'ಹೊಸಬರು ಮೊದಲ ಕೇರೆಯನ್ನು ಆರಿಸುವುದು ಹೇಗೆ' ಎಂಬ ಭಾಷಣದ ನಡುವೆ, ನಗೆಚಾಟಿಕೆ ಮಾಡಿದೆ. ನಿನ್ನ ಕೈಯಲ್ಲೇ ಮೊಟ್ಟೆಯೊಡೆದ ಒಳ್ಳೆಯ ಹಾವಂತೆ. ಶುವಿನಿಂದ ಬಂದು ಕೊಂಡವಳು ಅದನ್ನು ಉಪವಾಸ ಕೆಡವಿ, ಕೊನೆಗೆ ಹಾಲು ಹೊಯ್ದು ಬೀದಿಗಟ್ಟಿದಳಂತೆ. "ಅಂಥವ್ರ ಕೈಗೆ ಎರೆಹುಳಾನೂ ಕೊಡಬೇಡಿ," ಎಂದೆ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ನಾನಿದ್ದೆ. ನಿಜವಾಗಿಯೂ ಮನೆಯಲ್ಲಿ ಹುಟ್ಟಿದ ಮರಿಯೊಂದನ್ನು ಈ ಸಲ ತಿನ್ನಿಸಿ ನೋಡಿಯೇ ಕೊಳ್ಳೋಣವೆಂದು ಬಂದಿದ್ದೆ. ಸಭೆ ಮುಗಿದ ಮೇಲೆ ಮರಿ ಮಾರುವ ಹೆಂಗಸು ನನ್ನ ಊರು ಕೇಳಿ, ಶು ಎಂದೊಡನೆ ಪೆಟ್ಟಿಗೆಯ ಮೇಲೆ ಬಟ್ಟೆ ಎಳೆದಳು. "ಬೇಜಾರು ಮಾಡ್ಕೋಬೇಡಿ, ನಿಮ್ಮ ವಿಷ್ಯ ಈಗಷ್ಟೇ ಕೇಳಿದ್ವಿ," ಎಂದಳು.

ಹಾಲಿನ ಮಾತಿಗೆ ನೀನು ನಗಬಾರದಿತ್ತು. ಬೇಸಿಗೆಯ ಹುಲ್ಲುಗಾವಲಿನಲ್ಲಿ ನಮ್ಮ ಗುಡಾರಕ್ಕೆ ಹಾವು ಬಂದಾಗ ಅಮ್ಮ ಹೊಯ್ದ ಹಾಲಿನ ಬಟ್ಟಲು ಹಿಡಿದುಕೊಂಡಿದ್ದವನು ನೀನೇ. ನಿನಗೆ ಹಾವಿನ ಹುಚ್ಚು ಹತ್ತಿದ್ದು ಅಂದೇ. ನೀನು ಮರೆತಿರಬಹುದು, ನಾನು ಮರೆಯುವವಳಲ್ಲವೆಂದು ನಿನಗೆ ಗೊತ್ತು. ಇದಕ್ಕಿಂತ ದೊಡ್ಡ ಮಾತೆಂದರೆ, ಅಂದು ನಿನ್ನ ಭಾಷಣ ಕೇಳಿದ ಹೊಸಬರು ಹಾವು ಉಣ್ಣದಿದ್ದರೆ ತಮ್ಮ ಕೈಗುಣವನ್ನೇ ಶಪಿಸುತ್ತಾರೆ. ಎಲ್ಲಿಂದ ಹಿಡಿದು ತಂದಿರಿ ಎಂದು ಮಾರಿದವನನ್ನು ಕೇಳುವುದಿಲ್ಲ.

ನಿನ್ನ ಮನೆಯ ಒಲೆ ಆರದಿರಲಿ, ನಿನ್ನ ಹೆಂಡತಿಯ ಕಣ್ಣು ನಿಚ್ಚಳವಾಗಲಿ, ಮಕ್ಕಳ ಹಾದಿ ತೆರೆದಿರಲಿ. ಕೋಪದಲ್ಲಿಯೂ ಹಿರಿಯಳ ಹರಕೆ ಹರಕೆಯೇ.

ನಿನ್ನ ಅಕ್ಕ,
ದಾಮೆಟ್ಕೆನ್

ಮರೆತ ಮಾತು: ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು, ಯಾರು ಸರ್ ಅವರು, ನಿಮಗೆ ಗುರುತಿನವರಾ ಎಂದು ಕೇಳಿದಳು. ನೀನು ತಲೆಯೆತ್ತಿದೆ. ನಮ್ಮಿಬ್ಬರ ಕಣ್ಣು ಕೂಡಿದವು. ನನ್ನನ್ನೇ ನೋಡುತ್ತಾ, "ಇಲ್ಲಮ್ಮ, ಯಾರೋ ಒಬ್ಬ ಮುದುಕಿ, ಗಿರಾಕಿ," ಎಂದೆ. ಸುಳ್ಳನ್ನು ಹೇಗೋ ನುಂಗಿಯೇನು, ಯೆಸೆನ್. ಇದು ಗಂಟಲಿನಿಂದ ಕೆಳಗಿಳಿಯುತ್ತಿಲ್ಲ. ಡಿಸೆಂಬರ್ ಸಭೆಗೆ ನಾನು ಬರುತ್ತೇನೆ, ಈ ಸಲ ಮುಂದಿನ ಸಾಲಿಗೆ. ಆ ಹಾವನ್ನು ಎಲ್ಲಿಂದ ಹಿಡಿಸಿ ತಂದೆಯೆಂದು ಅದೇ ಜನರ ಮುಂದೆ, ಅದೇ ವೇದಿಕೆಯ ಮೇಲೆ ನಿಂತು ಹೇಳು. ಅದಕ್ಕಿಂತ ಮೊದಲು, ಅದನ್ನು ಕೊಂಡವಳು ನಿನಗೆ ಏನಾಗಬೇಕೆಂದು ಹೇಳು.